ಲಂಡನ್ನಿನ ಸೈನಿಕರ ಕ್ಲಬ್ಬಿನಲ್ಲಿ ಉಳಿದುಕೊಳ್ಳಬೇಕೇ? ಮಾಜಿ ಸೈನಿಕರಿಗೊಂದು ಮಾರ್ಗದರ್ಶಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಇಂಗ್ಲೆಂಡಿನಲ್ಲಿದ್ದಾರೆ. ನರ್ಸಿಂಗ್, ಐಟಿ, ಓದು ಅಂತ ಹೋದವರು. ಅಪ್ಪ ಅಮ್ಮನನ್ನು ಒಮ್ಮೆ ಕರೆಸಿಕೊಂಡು ಊರು ತೋರಿಸಬೇಕು ಅಂತ ಅವರಿಗೆ ಆಸೆ. ಆದರೆ ಅವರೇ ಇರುವುದು ನಾಲ್ಕೈದು ಜನ ಹಂಚಿಕೊಂಡ ಬಾಡಿಗೆ ಮನೆಯಲ್ಲಿ. ಅಪ್ಪ ಅಮ್ಮ ಎಲ್ಲಿ ಮಲಗುವುದು? ಹೋಟೆಲ್ ನೋಡೋಣ ಅಂದರೆ, ಅಡಿಕೆಗೆ ಒಳ್ಳೆ ರೇಟು ಬಂದ ವರ್ಷವೂ ಲಂಡನ್ನಿನ ಬಾಡಿಗೆ ಕೇಳಿ ಎದೆ ಝಲ್ಲೆನ್ನುತ್ತದೆ.

ಆ ಅಪ್ಪ ಸೇನೆಯಲ್ಲಿದ್ದವರಾದರೆ ಇನ್ನೊಂದು ದಾರಿ ಉಂಟು. ಸೈನಿಕರಿಗಾಗಿಯೇ ನಡೆಯುವ ಕ್ಲಬ್ಬುಗಳು ಲಂಡನ್ನಿನ ನಡುಮಧ್ಯದಲ್ಲಿವೆ. ಅಲ್ಲಿ ಕೋಣೆ ಸಿಗುತ್ತದೆ, ಊಟ ಸಿಗುತ್ತದೆ, ಜಾಗ ಸುರಕ್ಷಿತ. ಈ ವಿಷಯ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗೊತ್ತಿದ್ದವರೂ ಕೇಳಲು ಹಿಂಜರಿಯುತ್ತಾರೆ. ಸೇನೆಯಿಂದ ಅಧಿಕಾರಿಯಾಗಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ಮಾಜಿ ಸೈನಿಕರ ಕಾಗದಪತ್ರದ ಕೆಲಸಕ್ಕೆ ಕೈಜೋಡಿಸುತ್ತಿದ್ದೇನೆ. ನಾನು ಈ ಕ್ಲಬ್ಬುಗಳ ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದೇ: "ಕ್ಲಬ್ ಎಲ್ಲ ಆಫೀಸರ್‌ಗಳಿಗೆ ಅಲ್ವಾ ಸಾಬ್? ನಾನು ಹವಾಲ್ದಾರ್ ಆಗಿ ಬಂದವ. ನನ್ನನ್ನು ಒಳಗೆ ಬಿಡ್ತಾರಾ?"

ಸರಿಯಾದ ಕ್ಲಬ್ ಆರಿಸಿ, ಸರಿಯಾದ ಕಾಗದ ಇಟ್ಟುಕೊಂಡು, ಮೊದಲೇ ಕೇಳಿದರೆ ಬಿಡುತ್ತಾರೆ. ಈ ಮೂರು ಕೆಲಸ ಹೇಗೆ ಮಾಡುವುದು ಅಂತ ಹೇಳಲಿಕ್ಕೇ ಈ ಲೇಖನ.

ಮೊದಲು: ಯಾವ ಕ್ಲಬ್ ನಮಗೆ ಸಿಗುತ್ತದೆ?

ಹೆಸರಿನಲ್ಲಿ 'ಸರ್ವಿಸಸ್' ಅಥವಾ 'ಮಿಲಿಟರಿ' ಇದೆ ಅಂದ ಮಾತ್ರಕ್ಕೆ ಎಲ್ಲ ಕ್ಲಬ್ಬುಗಳೂ ಒಂದೇ ಅಲ್ಲ. ಇಲ್ಲಿ ಗೊಂದಲವಾದರೆ ಮುಂದಿನದೆಲ್ಲ ವ್ಯರ್ಥ.

ನಮ್ಮವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಎಲ್ಲ ದರ್ಜೆಯವರಿಗೂ ತೆರೆದಿರುವ ಕ್ಲಬ್. ಮಾರ್ಬಲ್ ಆರ್ಚ್ ಹತ್ತಿರ, ಸೀಮೋರ್ ಸ್ಟ್ರೀಟಿನಲ್ಲಿರುವ ವಿಕ್ಟರಿ ಸರ್ವಿಸಸ್ ಕ್ಲಬ್ ಅಂಥದ್ದು. 1907ರಲ್ಲಿ ಮೇಜರ್ ಆರ್ಥರ್ ಹ್ಯಾಗಾರ್ಡ್ ಇದನ್ನು ವೆಟರನ್ಸ್ ಕ್ಲಬ್ ಅನ್ನುವ ಹೆಸರಿನಲ್ಲಿ ಕಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈಗಿನ ಜಾಗಕ್ಕೆ ಬಂತು. ಇಲ್ಲಿ ಸಿಪಾಯಿ, ಸುಬೇದಾರ್, ಕರ್ನಲ್ ಅನ್ನುವ ಭೇದ ಇಲ್ಲ. ಬ್ರಿಟಿಷ್ ಸೇನೆಯವರ ಜೊತೆಗೆ ಕಾಮನ್‌ವೆಲ್ತ್ ದೇಶಗಳ ಸೇನೆಯಲ್ಲಿ ದುಡಿದವರಿಗೂ ಸದಸ್ಯತ್ವ ಕೊಡುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ನಮ್ಮ ಹವಾಲ್ದಾರರು ಧೈರ್ಯವಾಗಿ ಅರ್ಜಿ ಹಾಕಬಹುದು.

ಅದೇ 1907ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಕ್ಲಬ್ ಬಾಗಿಲು ತೆರೆಯಿತು. ವಾಟರ್ಲೂ ರೈಲು ನಿಲ್ದಾಣದ ಎದುರಿರುವ ಯೂನಿಯನ್ ಜ್ಯಾಕ್ ಕ್ಲಬ್. ಇದರ ಹಿಂದಿದ್ದವರು ಎಥೆಲ್ ಮೆಕಾಲ್ ಅನ್ನುವ ನರ್ಸ್. ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದವರು. ಅಧಿಕಾರಿಗಳಿಗೆ ಲಂಡನ್ನಿನಲ್ಲಿ ಬೇಕಾದಷ್ಟು ಕ್ಲಬ್ ಇವೆ, ಸಾಮಾನ್ಯ ಸಿಪಾಯಿಗೆ ಮಾತ್ರ ಒಂದು ಮರ್ಯಾದೆಯ ಹಾಸಿಗೆಯೂ ಇಲ್ಲ ಅನ್ನುವುದು ಅವರನ್ನು ಕಾಡಿತ್ತು. ಕ್ಲಬ್ಬನ್ನು ಉದ್ಘಾಟಿಸಿದ್ದು ದೊರೆ ಏಳನೇ ಎಡ್ವರ್ಡ್. ಇದು ಮುಖ್ಯವಾಗಿ ಅಧಿಕಾರಿಗಳಲ್ಲದವರ ಮನೆ. ಹೊರದೇಶದ ಸೈನಿಕರಾದ ನಾವು ಇಲ್ಲಿಗೆ ಹೋಗುವ ಮೊದಲು ಬರೆದು ಕೇಳಿ ಒಪ್ಪಿಗೆ ಪಡೆಯಬೇಕು.

ಇನ್ನು ಖಾಸಗಿ ಸದಸ್ಯರ ಕ್ಲಬ್ಬುಗಳು. ಸೇಂಟ್ ಜೇಮ್ಸ್ ಸ್ಕ್ವೇರಿನ ನೇವಲ್ ಅಂಡ್ ಮಿಲಿಟರಿ ಕ್ಲಬ್ 1862ರದ್ದು. ಇದನ್ನು ಎಲ್ಲರೂ 'ಇನ್ ಅಂಡ್ ಔಟ್' ಅಂತಲೇ ಕರೆಯುತ್ತಾರೆ. ಪಾಲ್ ಮಾಲ್ ರಸ್ತೆಯ ಆರ್ಮಿ ಅಂಡ್ ನೇವಿ ಕ್ಲಬ್ 1837ರದ್ದು. ಪಿಕಾಡಿಲಿಯ ಆರ್‌ಎಎಫ್ ಕ್ಲಬ್ ವಾಯುಪಡೆಯವರದ್ದು. ಇಂಥಲ್ಲಿಗೆ ನೇರವಾಗಿ ಹೋಗಿ ಕೋಣೆ ಕೇಳಿದರೆ ಸಿಗುವುದಿಲ್ಲ. ನೀವು ಭಾರತದಲ್ಲಿ ಯಾವುದಾದರೂ ಕ್ಲಬ್ಬಿನ ಸದಸ್ಯರಾಗಿದ್ದು, ಆ ಕ್ಲಬ್ಬಿಗೂ ಅಲ್ಲಿನ ಕ್ಲಬ್ಬಿಗೂ ಪರಸ್ಪರ ಒಪ್ಪಂದ ಇದ್ದರೆ ಮಾತ್ರ ದಾರಿ. ಬೆಂಗಳೂರಲ್ಲೋ ಮುಂಬೈಯಲ್ಲೋ ಸದಸ್ಯರಾಗಿದ್ದರೆ ಸೆಕ್ರೆಟರಿ ಕಚೇರಿಗೆ ಫೋನ್ ಮಾಡಿ, ಒಪ್ಪಂದ ಇರುವ ವಿದೇಶಿ ಕ್ಲಬ್ಬುಗಳ ಪಟ್ಟಿ ಕೇಳಿ. ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಗೆಳೆಯ ಐದು ವರ್ಷದ ಹಿಂದೆ ಉಳಿದಿದ್ದ ಅನ್ನುವುದು ಆಧಾರ ಆಗುವುದಿಲ್ಲ. ಒಪ್ಪಂದ ಇದ್ದರೆ ಅವರು ಒಂದು ಪರಿಚಯ ಪತ್ರ ಕೊಡುತ್ತಾರೆ. ಆ ಪತ್ರ ಇಲ್ಲದೆ ವಿಮಾನ ಹತ್ತಬೇಡಿ.

ಅಮೆರಿಕದ ಸೇನೆ ನಡೆಸುವ ಹೋಟೆಲುಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಟೋಕಿಯೊದ ನ್ಯೂ ಸಾನ್ನೊ, ಹವಾಯಿಯ ಹಾಲೆ ಕೋವಾ ಇಂಥವು. ಅವು ಅಮೆರಿಕದ ಸೇನೆಯ ಗುರುತುಚೀಟಿ ಇರುವವರಿಗಾಗಿ ಇರುವ ಜಾಗ. ನಮಗಲ್ಲ, ಬಿಟ್ಟುಬಿಡಿ.

ಈಗಲೂ ಸೇವೆಯಲ್ಲಿರುವವರು ಒಂದು ಮಾತು ನೆನಪಿಡಿ. ವಿದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಬೇಕೇ ಬೇಕು. ವಿದೇಶಿ ಸೈನಿಕ ಕ್ಲಬ್ಬಿನಲ್ಲಿ ಉಳಿಯುತ್ತೇನೆ ಅನ್ನುವುದನ್ನೂ ಆ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಅನುಮತಿ ಕೈಗೆ ಬರುವವರೆಗೆ ಕ್ಲಬ್ಬಿಗೆ ಒಂದು ಇಮೇಲ್ ಕೂಡ ಹಾಕಬೇಡಿ.

ಎರಡನೆಯದು: ಕಾಗದಪತ್ರ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ

ನೀವು ಸೈನಿಕರಾಗಿದ್ದಿರಿ ಅನ್ನುವುದನ್ನು ಕ್ಲಬ್ಬಿಗೆ ತೋರಿಸಿಕೊಡಬೇಕು. ಅದಕ್ಕೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಆಗುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕೊಟ್ಟ ಮಾಜಿ ಸೈನಿಕ ಗುರುತುಚೀಟಿ ಆಗುತ್ತದೆ. ಪಿಪಿಒ, ಅಂದರೆ ಪಿಂಚಣಿ ಪಾವತಿಯ ಆದೇಶಪತ್ರ, ಕೂಡ ಆಗುತ್ತದೆ. ಅಧಿಕಾರಿಗಳಾಗಿದ್ದವರಿಗೆ ನಿವೃತ್ತ ಅಧಿಕಾರಿಯ ಗುರುತುಚೀಟಿ ಇರುತ್ತದೆ. ಕ್ಯಾಂಟೀನ್ ಕಾರ್ಡ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಅದು ಸಾಮಾನು ತೆಗೆದುಕೊಳ್ಳಲು ಕೊಟ್ಟ ಕಾರ್ಡ್, ಸೇವೆಯ ದಾಖಲೆ ಅಲ್ಲ.

ಕಾಗದ ಇಲ್ಲದವರು ಕಡಿಮೆ. ಕಾಗದಗಳಲ್ಲಿ ಹೆಸರು ಒಂದೊಂದು ರೀತಿ ಇರುವವರು ಜಾಸ್ತಿ. ಕಾಸರಗೋಡಿನ ಕನ್ನಡಿಗರಿಗೆ ಇದು ಹಳೆಯ ಪಾಡು. ಮನೆಯಲ್ಲಿ, ಶಾಲೆಯಲ್ಲಿ ಹೆಸರು 'ನಾರಾಯಣ' ಅಂತ ಇರುತ್ತದೆ. ಭರ್ತಿಯ ದಿನ ಗುಮಾಸ್ತ ಕೇರಳದವ ಅಂತ ನೋಡಿ 'ನಾರಾಯಣನ್ ಕೆ' ಅಂತ ಬರೆದುಕೊಂಡಿರುತ್ತಾನೆ. ಆ ಕೆ ಅಂದರೆ ಕುಂಬಳೆಯೋ, ಮನೆತನದ ಹೆಸರೋ, ತಂದೆಯ ಹೆಸರೋ, ಬರೆದವನಿಗೇ ಗೊತ್ತು. ಸೇವೆ ಪೂರ್ತಿ ಅದೇ ಹೆಸರು. ನಿವೃತ್ತಿಯಾಗಿ ಬಂದು ಪಾಸ್‌ಪೋರ್ಟ್ ಮಾಡಿಸುವಾಗ ಶಾಲೆಯ ಸರ್ಟಿಫಿಕೇಟ್ ಕೊಟ್ಟು 'ನಾರಾಯಣ ನಾಯ್ಕ್' ಅಂತ ಮಾಡಿಸಿರುತ್ತಾರೆ. ಇಲ್ಲಿ ಎಲ್ಲರಿಗೂ ಅವರು ಒಬ್ಬರೇ ಅಂತ ಗೊತ್ತು. ಲಂಡನ್ನಿನ ರಿಸೆಪ್ಷನ್‌ನಲ್ಲಿ ಕೂತ ಹುಡುಗಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ಊರಿನ ಹೆಸರಿಗೂ ಇದೇ ಗತಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕೂ ಮೊದಲು ನಾವು ಕಣ್ಣೂರು ಜಿಲ್ಲೆಯಲ್ಲಿದ್ದೆವು. 1984ಕ್ಕಿಂತ ಮುಂಚೆ ಸೇನೆಗೆ ಸೇರಿದವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಊರು ಕಣ್ಣೂರು ಜಿಲ್ಲೆ ಅಂತಲೂ, ಪಾಸ್‌ಪೋರ್ಟಿನಲ್ಲಿ ಕಾಸರಗೋಡು ಅಂತಲೂ ಇರುತ್ತದೆ. ಇದು ತಪ್ಪಲ್ಲ, ಎರಡೂ ಸರಿಯೇ. ಆದರೆ ನೋಡುವವರಿಗೆ ಅದನ್ನು ಹೇಳಬೇಕಾದವರು ನಾವು.

ಏನು ಮಾಡಬೇಕು? ಮೊದಲು ಪಾಸ್‌ಪೋರ್ಟ್, ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರಿನ ಒಂದೊಂದೇ ಅಕ್ಷರ ನೋಡಿ. ಹುಟ್ಟಿದ ತಾರೀಕು ನೋಡಿ. ಹೆಂಡತಿ ಜೊತೆಗೆ ಬರುವುದಾದರೆ ಪಿಪಿಒದಲ್ಲಿ ಅವರ ಹೆಸರು ಹೇಗಿದೆ ನೋಡಿ. 'ಲಕ್ಷ್ಮಿ' ಅಂತ ಪಿಪಿಒದಲ್ಲಿ, 'ಲಕ್ಷ್ಮೀದೇವಿ' ಅಂತ ಪಾಸ್‌ಪೋರ್ಟಿನಲ್ಲಿ ಇರುವುದು ತೀರಾ ಸಾಮಾನ್ಯ.

ವ್ಯತ್ಯಾಸ ಸಣ್ಣದಾದರೆ ನೋಟರಿ ಮುಂದೆ ಇಂಗ್ಲಿಷಿನಲ್ಲಿ ಒಂದು ಅಫಿದವಿತ್ ಮಾಡಿಸಿ. ಈ ಎರಡೂ ಹೆಸರು ನನ್ನದೇ, ಈ ಎರಡೂ ದಾಖಲೆ ಒಬ್ಬನದೇ, ನನ್ನ ಊರು ಮೊದಲು ಕಣ್ಣೂರು ಜಿಲ್ಲೆಯಲ್ಲಿದ್ದು ಈಗ ಕಾಸರಗೋಡು ಜಿಲ್ಲೆಯಲ್ಲಿದೆ ಅಂತ ನೇರವಾಗಿ ಬರೆಸಿ. ಒಂದು ಪುಟ ಸಾಕು. ಕ್ಲಬ್ಬಿಗೂ ಅದರ ಪ್ರತಿ, ವೀಸಾ ಅರ್ಜಿಗೂ ಅದರ ಪ್ರತಿ.

ಹೆಂಡತಿಯ ಹೆಸರು ಪಿಪಿಒದಲ್ಲಿ ತಪ್ಪಿದ್ದರೆ ಅಫಿದವಿತ್‌ಗೆ ನಿಲ್ಲಬೇಡಿ. ನಿಮ್ಮ ಸೇವೆಯ ದಾಖಲೆ ಇಟ್ಟಿರುವ ಸೇನೆಯ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಿ. ಇದು ಲಂಡನ್ ಪ್ರವಾಸದ ಸಲುವಾಗಿ ಹೇಳುವ ಮಾತಲ್ಲ. ನಾಳೆ ನೀವಿಲ್ಲದಾಗ ಕುಟುಂಬ ಪಿಂಚಣಿಗೆ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಬೇಡ. ಹಾಗೆ ಅಲೆದವರನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತಿದ್ದುಪಡಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಇವತ್ತೇ ಶುರು ಮಾಡಿ.

ಇನ್ನೊಂದು ಎಚ್ಚರಿಕೆ. ಡಿಸ್ಚಾರ್ಜ್ ಬುಕ್ ಪೂರ್ತಿ ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಕಳಿಸುವವರಿದ್ದಾರೆ. ಬೇಡ. ಅದರಲ್ಲಿ ಮನೆಯವರ ವಿವರ, ಆರೋಗ್ಯದ ವಿವರ, ಎಲ್ಲೆಲ್ಲಿ ಸೇವೆ ಮಾಡಿದಿರಿ ಅನ್ನುವುದೆಲ್ಲ ಇರುತ್ತದೆ. ಹೆಸರು, ದರ್ಜೆ, ಸೇವೆಯ ಅವಧಿ ಇರುವ ಪುಟ ಮಾತ್ರ ಕಳಿಸಿ. ಪಿಪಿಒ ಕಳಿಸುವುದಾದರೆ ಬ್ಯಾಂಕ್ ಖಾತೆಯ ಸಂಖ್ಯೆ ಕಾಣದಂತೆ ಕಾಗದದ ಪಟ್ಟಿ ಇಟ್ಟು ಸ್ಕ್ಯಾನ್ ಮಾಡಿ. ಕೇಳಿದ್ದನ್ನು ಕೊಡಿ, ಕೇಳದ್ದನ್ನು ಕೊಡಬೇಡಿ.

ಗಂಡ ತೀರಿಹೋಗಿರುವ ತಾಯಂದಿರಿಗೂ ಈ ಬಾಗಿಲು ಮುಚ್ಚಿಲ್ಲ. ಸೈನಿಕರ ಪತ್ನಿಯರನ್ನು ಗಂಡನ ನಂತರವೂ ಸದಸ್ಯರಾಗಿ ತೆಗೆದುಕೊಳ್ಳುವ ಕ್ಲಬ್ಬುಗಳಿವೆ, ವಿಕ್ಟರಿ ಸರ್ವಿಸಸ್ ಕ್ಲಬ್ ಅವುಗಳಲ್ಲೊಂದು. ಕುಟುಂಬ ಪಿಂಚಣಿಯ ಪಿಪಿಒ ಮತ್ತು ಪಾಸ್‌ಪೋರ್ಟ್ ಇಟ್ಟುಕೊಂಡು ಅವರದೇ ಹೆಸರಿನಲ್ಲಿ ಬರೆಯಿರಿ. ಮಗನೋ ಮಗಳೋ ಲಂಡನ್ನಿನಲ್ಲಿದ್ದರೆ ಈ ಕೆಲಸ ಅವರು ಮಾಡಿಕೊಡಲಿ. ಗಂಡನ ಸೇವೆಯ ಗೌರವದಲ್ಲಿ ಹೆಂಡತಿಗೂ ಪಾಲುಂಟು. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಮೂರನೆಯದು: ಬರೆದು ಕೇಳುವುದು, ಕೋಣೆ ಕಾದಿರಿಸುವುದು

ಕ್ಲಬ್ಬಿನ ಸದಸ್ಯತ್ವ ವಿಭಾಗಕ್ಕೆ ಸರಳವಾದ ಇಂಗ್ಲಿಷಿನಲ್ಲಿ ಒಂದು ಇಮೇಲ್ ಸಾಕು. ನಾನು ಭಾರತೀಯ ಸೇನೆಯಲ್ಲಿ ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿಯವರೆಗೆ ಇದ್ದೆ. ದರ್ಜೆ ಇದು. ಇಂಥ ದಿನಗಳಲ್ಲಿ ಹೆಂಡತಿಯ ಜೊತೆ ಬರುತ್ತೇನೆ. ನನಗೆ ಸದಸ್ಯತ್ವಕ್ಕೆ ಅರ್ಹತೆ ಇದೆಯೇ? ಯಾವ ದಾಖಲೆ ಬೇಕು? ಸದಸ್ಯತ್ವಕ್ಕೆ ಎಷ್ಟು, ಕೋಣೆಗೆ ಎಷ್ಟು? ಇಷ್ಟೇ. ದೊಡ್ಡ ಪೀಠಿಕೆ ಬೇಡ. ಏಜೆಂಟರ ಕೈಯಲ್ಲಿ ಬರೆಸುವುದು ಬೇಡವೇ ಬೇಡ. ಸದಸ್ಯರಾಗುವುದು ನೀವು, ಉತ್ತರ ನಿಮ್ಮ ಇಮೇಲಿಗೇ ಬರಬೇಕು.

ಉತ್ತರ ಬಂದ ಮೇಲೆ ಲೆಕ್ಕ ಹಾಕಿ. ಸದಸ್ಯತ್ವದ ಹಣ ಬೇರೆ, ಕೋಣೆಯ ಬಾಡಿಗೆ ಬೇರೆ. ಒಂದೆರಡು ರಾತ್ರಿ ಉಳಿಯುವುದಾದರೆ ಎರಡೂ ಸೇರಿ ಸಾಧಾರಣ ಹೋಟೆಲಿಗಿಂತ ಜಾಸ್ತಿಯೇ ಆದೀತು. ವಾರ ಉಳಿಯುವುದಾದರೆ, ಅದೂ ಇಬ್ಬರು ಇದ್ದರೆ, ಕ್ಲಬ್ಬೇ ವಾಸಿ. ಮಾರ್ಬಲ್ ಆರ್ಚಿನಂಥ ಜಾಗದಲ್ಲಿ ಅದೇ ಬಾಡಿಗೆಗೆ ಒಳ್ಳೆಯ ಹೋಟೆಲ್ ಸಿಗುವುದು ಕಷ್ಟ. ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿದೆಯೋ ಇಲ್ಲವೋ ಕೇಳಿ. ಬಚ್ಚಲು ಕೋಣೆಯೊಳಗೇ ಇದೆಯೋ ಕೇಳಿ. ಇಂಥ ಹಳೆಯ ಕ್ಲಬ್ಬುಗಳ ಅಗ್ಗದ ಕೋಣೆಗಳಿಗೆ ಕೆಲವೊಮ್ಮೆ ಬಚ್ಚಲು ಹೊರಗೆ, ನಾಲ್ಕು ಜನರಿಗೆ ಒಂದು ಅಂತ ಇರುತ್ತದೆ. ಬ್ಯಾರಕಿನಲ್ಲಿ ಬದುಕಿದವರಿಗೆ ಅದು ದೊಡ್ಡ ವಿಷಯ ಅಲ್ಲ. ಮಂಡಿನೋವಿನ ಹೆಂಡತಿಗೆ ರಾತ್ರಿ ಎದ್ದು ಹೊರಗೆ ಹೋಗುವುದು ದೊಡ್ಡ ವಿಷಯವೇ.

ನವೆಂಬರಿನ ಎರಡನೇ ಭಾನುವಾರ ಅಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಜೂನಿನಲ್ಲಿ ರಾಜನ ಹುಟ್ಟುಹಬ್ಬದ ಪೆರೇಡ್. ಆ ಸಮಯಕ್ಕೆ ಸೈನಿಕರ ಕ್ಲಬ್ಬುಗಳಲ್ಲಿ ಕೋಣೆ ಸಿಗುವುದು ಕಷ್ಟ. ಅದನ್ನು ನೋಡಲೆಂದೇ ಹೋಗುವುದಾದರೆ ತುಂಬ ಮೊದಲೇ ಕಾದಿರಿಸಿ.

ಹಣ ಕಟ್ಟುವಾಗ, ರದ್ದು ಮಾಡಿದರೆ ವಾಪಸ್ ಬರುವ ದರವನ್ನೇ ಆರಿಸಿ. ಯಾಕೆಂದರೆ ವೀಸಾ ಇನ್ನೂ ಕೈಗೆ ಬಂದಿಲ್ಲ.

ವೀಸಾ

ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಪ್ರಯಾಣಕ್ಕೆ 3 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್‌ನಲ್ಲಿ. ಬೆರಳಚ್ಚು, ಫೋಟೊ ಕೊಡಲು ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಆಮೇಲೆ ಸಾಮಾನ್ಯವಾಗಿ 3 ವಾರದಲ್ಲಿ ತೀರ್ಮಾನ ಬರುತ್ತದೆ.

ಎಲ್ಲಿ ಉಳಿಯುತ್ತೀರಿ ಅನ್ನುವ ಪ್ರಶ್ನೆಗೆ ಕ್ಲಬ್ಬಿನ ವಿಳಾಸ ಬರೆದು, ಕೋಣೆ ಕಾದಿರಿಸಿದ ಪತ್ರ ಲಗತ್ತಿಸಿ. ತಿಂಗಳು ತಿಂಗಳು ಪಿಂಚಣಿ ಬರುತ್ತದೆ ಅನ್ನುವುದು ನಿಮ್ಮ ದೊಡ್ಡ ಬಲ. ಪಿಂಚಣಿ ಜಮೆಯಾಗುವ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಕೊಡಿ. ಅರ್ಜಿಗೆ ಮುಂಚೆ ಯಾರೋ ಲಕ್ಷಗಟ್ಟಲೆ ಖಾತೆಗೆ ಹಾಕಿ ತೋರಿಸುವುದು ಬೇಡ. ಎಲ್ಲಿಂದ ಬಂತು ಅಂತ ಅವರಿಗೆ ಅನುಮಾನ ಬರುವುದು ಅಲ್ಲೇ.

ನಮ್ಮ ಜಿಲ್ಲೆಯವರಿಗೆ ಒಂದು ಹೆಚ್ಚಿನ ಕೆಲಸ ಉಂಟು. ಊರಿಗೆ ವಾಪಸ್ ಬರುತ್ತೀರಿ ಅಂತ ತೋರಿಸಲು ತೋಟದ ದಾಖಲೆ ಕೊಡುತ್ತೀರಲ್ಲ, ಆ ತೀರ್ವೆ (ಭೂಕಂದಾಯ) ರಶೀದಿ ಮಲಯಾಳದಲ್ಲಿರುತ್ತದೆ. ಜಮೀನಿನ ಹಳೆಯ ಆಧಾರಪತ್ರ ಕನ್ನಡದಲ್ಲೂ ಇದ್ದೀತು. ಎರಡೂ ಅಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಅಥವಾ ವೆಲ್ಶ್ ಭಾಷೆಯಲ್ಲಿಲ್ಲದ ಪ್ರತಿ ಕಾಗದಕ್ಕೂ ಪೂರ್ತಿ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ, ಇದು ಸರಿಯಾದ ಅನುವಾದ ಅನ್ನುವ ಒಕ್ಕಣೆ ಅದರಲ್ಲಿರಬೇಕು. ಮಲಯಾಳ ಓದಲು ಬಾರದವರು ರಶೀದಿಯಲ್ಲಿ ಹೆಸರು, ಸರ್ವೆ ನಂಬರ್ ಸರಿ ಇದೆಯೇ ಅಂತ ಬಲ್ಲವರ ಕೈಯಲ್ಲಿ ಮೊದಲು ಓದಿಸಿ. ಅನುವಾದ ಆದ ಮೇಲೆ ತಪ್ಪು ಕಂಡರೆ ಎರಡು ಸಲ ಖರ್ಚು.

ಪ್ರಯಾಣ ವಿಮೆ ಮಾಡಿಸಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಅಲ್ಲಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅಂಗಡಿಯಿಂದ ಬಂದ ಸ್ಟ್ರಿಪ್ಪಿನಲ್ಲೇ ಇಟ್ಟು, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಊರಿನಿಂದ ಕ್ಲಬ್ಬಿನ ಬಾಗಿಲವರೆಗೆ

ನಮಗೆ ಹತ್ತಿರದ ವಿಮಾನ ನಿಲ್ದಾಣ ಮಂಗಳೂರು. ದಕ್ಷಿಣದ ಕಡೆಯವರಿಗೆ 2018ರಲ್ಲಿ ಶುರುವಾದ ಕಣ್ಣೂರು. ಎರಡರಿಂದಲೂ ಲಂಡನ್ನಿಗೆ ನೇರ ವಿಮಾನ ಇಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ನೇರ ಹೀಥ್ರೂಗೆ ಹೋಗುವುದು ವಯಸ್ಸಾದವರಿಗೆ ಸುಲಭ. ಗಲ್ಫ್ ಮೂಲಕ ಟಿಕೆಟ್ ಅಗ್ಗ ಸಿಗಬಹುದು. ಆದರೆ ನಡುರಾತ್ರಿ ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕುತ್ತ ನಡೆಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಬಹುದು, ಅದಕ್ಕೆ ಹಣ ಇಲ್ಲ.

ಪೆಟ್ಟಿಗೆಯಲ್ಲಿ ಏನಿರಬೇಕು ಅನ್ನುವುದಕ್ಕಿಂತ ಏನಿರಬಾರದು ಅನ್ನುವುದು ಮುಖ್ಯ. ಮಗಳಿಗೆ ಅಂತ ಮನೆಯ ತುಪ್ಪ ಕಟ್ಟಿಕೊಳ್ಳುತ್ತೀರಲ್ಲ, ಅದು ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಬ್ರಿಟನ್ನಿನ ಒಳಗೆ ಒಯ್ಯುವಂತಿಲ್ಲ. ತುಪ್ಪ, ಹಾಲಿನ ಪೇಡ ಎರಡೂ ಇದರಲ್ಲಿ ಬರುತ್ತವೆ. ಮಾವಿನ ಮಿಡಿ ಉಪ್ಪಿನಕಾಯಿ ಒಯ್ಯಬಹುದು, ಎಣ್ಣೆ ಸೋರದಂತೆ ಭದ್ರವಾಗಿ ಕಟ್ಟಿ. ಹಲಸಿನ ಹಪ್ಪಳ ಒಯ್ದರೂ ಅದು ಮಗಳ ಮನೆಗೆ. ಕ್ಲಬ್ಬಿನ ಕೋಣೆಯಲ್ಲಿ ಸುಡುವುದು, ಕಾಯಿಸುವುದು ಖಂಡಿತ ಬೇಡ. ಹೊಗೆ ಕಂಡರೆ ಅಲಾರಾಂ ಹೊಡೆದು ಇಡೀ ಕಟ್ಟಡದ ಜನ ಬೀದಿಗೆ ಬರಬೇಕಾಗುತ್ತದೆ. ನೆನೆಸಿ ತಿನ್ನುವ ಅವಲಕ್ಕಿ ಇದ್ದರೆ ಸಾಕು.

ಹೀಥ್ರೂನಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಬಾಂಡ್ ಸ್ಟ್ರೀಟಿನಲ್ಲಿ ಇಳಿಯಿರಿ. ಅಲ್ಲಿ ಸೆಂಟ್ರಲ್ ಲೈನಿಗೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಮಾರ್ಬಲ್ ಆರ್ಚ್. ಅಲ್ಲಿಂದ ಸೀಮೋರ್ ಸ್ಟ್ರೀಟಿಗೆ ನಡೆದು ಹೋಗುವಷ್ಟೇ ದೂರ. ರೈಲಿಗೆ ಟಿಕೆಟ್ ಸಾಲಿನಲ್ಲಿ ನಿಲ್ಲಬೇಕಿಲ್ಲ. ಮುಟ್ಟಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಇದ್ದರೆ ಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಮುಟ್ಟಿಸಿದರೆ ಆಯಿತು. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಹೊರಡುವ ಮೊದಲು ಬ್ಯಾಂಕಿಗೆ ಹೇಳಿ ವಿದೇಶಿ ಬಳಕೆ ಚಾಲೂ ಮಾಡಿಸಿ.

ಒಳಗೆ ಹೋದ ಮೇಲೆ

ಕ್ಲಬ್ ಅಂದರೆ ಹೋಟೆಲ್ ಅಲ್ಲ, ತನ್ನದೇ ಶಿಸ್ತು ಇರುವ ಸೇನೆಯ ಮೆಸ್ ಇದ್ದ ಹಾಗೆ. ಈ ಒಂದು ಮಾತು ನೆನಪಿದ್ದರೆ ಸೇನೆಯಲ್ಲಿದ್ದವರಿಗೆ ಬೇರೇನೂ ಹೇಳಬೇಕಿಲ್ಲ. ಜೊತೆಗೆ ಬರುವ ಮನೆಯವರಿಗೆ ಮಾತ್ರ ಮೊದಲೇ ಹೇಳಿ.

ಮೊದಲು ಬಟ್ಟೆ. ಎಲ್ಲ ದರ್ಜೆಯವರ ಕ್ಲಬ್ಬುಗಳಲ್ಲಿ ಅಚ್ಚುಕಟ್ಟಾದ ಪ್ಯಾಂಟ್, ಕಾಲರ್ ಇರುವ ಅಂಗಿ, ಶೂ ಇದ್ದರೆ ಎಲ್ಲ ನಡೆಯುತ್ತದೆ. ಪಾಲ್ ಮಾಲ್, ಪಿಕಾಡಿಲಿ ಕಡೆಯ ಹಳೆಯ ಕ್ಲಬ್ಬುಗಳಲ್ಲಿ ಕೋಟು, ಟೈ ಕೇಳುತ್ತಾರೆ. ಒಂದು ನೇವಿ ಬ್ಲೂ ಬ್ಲೇಜರ್, ನಿಮ್ಮ ರೆಜಿಮೆಂಟಿನ ಟೈ ಇದ್ದರೆ ಎಲ್ಲ ಕಡೆ ತಲೆಯೆತ್ತಿ ಹೋಗಬಹುದು. ಟೈ ನೋಡಿಯೇ ಪಕ್ಕದವರು ಮಾತಿಗೆ ಬರುತ್ತಾರೆ. ಬಂದ್‌ಗಲಾ ಕೋಟು ಕೂಡ ಒಪ್ಪುತ್ತದೆ. ಹೆಂಗಸರಿಗೆ ಸೀರೆ ಎಲ್ಲಿಗೂ ಸರಿ. ಮೇಲೊಂದು ಬೆಚ್ಚನೆಯ ಕೋಟು ಇರಲಿ.

ಪಂಚೆಯ ಬಗ್ಗೆ ಕೇಳುತ್ತಾರೆ. 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ತಮಿಳುನಾಡು ಸರಕಾರ ಅದೇ ವರ್ಷ ಕಾನೂನು ತಂದು ಅಂಥ ನಿಷೇಧವನ್ನು ತೆಗೆದುಹಾಕಿತು. ಸರಿಯಾದ ಕೆಲಸ ಅದು. ಲಂಡನ್ನಿಗೆ ಆ ಕಾನೂನು ನಡೆಯುವುದಿಲ್ಲ ಅಷ್ಟೆ. ಪಂಚೆಯಲ್ಲೇ ಊಟಕ್ಕೆ ಹೋಗುವ ಆಸೆ ಇದ್ದರೆ, ದೇಶದ ಉಡುಪಿಗೆ ಅವಕಾಶ ಇದೆಯೇ ಅಂತ ಮೊದಲೇ ಬರೆದು ಕೇಳಿ. ಕೋಣೆಯೊಳಗೆ ಲುಂಗಿ ಉಡಲು ಯಾರ ಅಪ್ಪಣೆಯೂ ಬೇಡ.

ಪದಕಗಳನ್ನು ಒಯ್ಯಿರಿ, ದಿನಾ ಧರಿಸಬೇಡಿ. ಸ್ಮರಣೆಯ ದಿನದಂಥ ಸಂದರ್ಭಕ್ಕೆ ಮಾತ್ರ.

ಹಳೆಯ ಕ್ಲಬ್ಬುಗಳಲ್ಲಿ ಊಟದ ಕೋಣೆ, ಓದುವ ಕೋಣೆಗಳಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಊರಿಗೆ ವಿಡಿಯೊ ಕಾಲ್ ಮಾಡಿ ಸಭಾಂಗಣ ತೋರಿಸುವುದು ಬೇಡ. ಬೇರೆ ಸದಸ್ಯರು ಕಾಣುವಂತೆ ಫೋಟೊ ತೆಗೆಯುವುದೂ ಬೇಡ. ಅವರಲ್ಲಿ ಸೇವೆಯಲ್ಲಿರುವವರು ಇರುತ್ತಾರೆ, ಅವರ ಮುಖ ಎಲ್ಲೆಲ್ಲೋ ಹರಿದಾಡಬಾರದು. ನಿಮ್ಮ ಕೋಣೆಯಲ್ಲಿ ಎಷ್ಟು ಬೇಕಾದರೂ ತೆಗೆಯಿರಿ.

ಮಗ ಸಂಜೆ ನೋಡಲು ಬರುತ್ತಾನೆ ಅಂದುಕೊಳ್ಳಿ. ಅವನು ಸೀದಾ ಲಿಫ್ಟ್ ಹತ್ತಿ ಕೋಣೆಗೆ ಬರುವಂತಿಲ್ಲ. ನೀವು ಕೆಳಗಿಳಿದು ಪುಸ್ತಕದಲ್ಲಿ ಅವನ ಹೆಸರು ಬರೆದು, ಅತಿಥಿ ಅಂತ ಸಹಿ ಹಾಕಿ ಕರೆದುಕೊಂಡು ಬರಬೇಕು. ಅವನ ನಡತೆಗೂ, ಅವನು ಕುಡಿದ ಕಾಫಿಯ ಬಿಲ್ಲಿಗೂ ನೀವೇ ಹೊಣೆ. ಊರಿನವರು ಐದಾರು ಜನ ಒಟ್ಟಿಗೆ ನೋಡಲು ಬಂದರೆ ಹೈಡ್ ಪಾರ್ಕ್ ಹತ್ತಿರವೇ ಉಂಟಲ್ಲ, ಅಲ್ಲಿ ಕೂತು ಮಾತಾಡಿ.

ಸಸ್ಯಾಹಾರಿಗಳು ಕಾದಿರಿಸುವಾಗಲೇ ಬರೆಯಬೇಕು. ಸಸ್ಯಾಹಾರ ಅಂದರೆ ಅಲ್ಲಿ ಮೊಟ್ಟೆ ಕೊಡುತ್ತಾರೆ. ಮೊಟ್ಟೆಯೂ ಬೇಡ ಅನ್ನುವವರು ಅದನ್ನು ಬೇರೆಯಾಗಿ ಹೇಳಿ. ಬೆಳಿಗ್ಗೆ ಟೋಸ್ಟ್, ಬೀನ್ಸ್, ಅಣಬೆ, ಹುರಿದ ಟೊಮೆಟೊ, ಓಟ್ಸ್ ಗಂಜಿ, ಹಣ್ಣು ಸಾಮಾನ್ಯವಾಗಿ ಸಿಗುತ್ತವೆ. ಮಾರ್ಬಲ್ ಆರ್ಚಿನಿಂದ ಉತ್ತರಕ್ಕೆ ಹೋಗುವ ಎಜ್ವೇರ್ ರೋಡ್ ತುಂಬ ಅರಬ್ಬರ ಹೋಟೆಲುಗಳು. ಗಲ್ಫಿನಲ್ಲಿ ಇದ್ದು ಬಂದ ನೆಂಟರಿರುವ ನಮಗೆ ಹಮ್ಮುಸ್, ಫಲಾಫೆಲ್ ಹೊಸತಲ್ಲ. ದೋಸೆಯೇ ಬೇಕು ಅಂದರೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟಿಗೆ ಹೋಗಿ.

ಟಿಪ್ಸ್ ಕೊಡುವ ಮೊದಲು ಕೇಳಿ. ಸಾಂಪ್ರದಾಯಿಕ ಕ್ಲಬ್ಬುಗಳಲ್ಲಿ ಕೈಯಲ್ಲಿ ಹಣ ಕೊಡುವಂತಿಲ್ಲ. ನೌಕರರ ಕ್ರಿಸ್ಮಸ್ ನಿಧಿ ಅಂತ ಇರುತ್ತದೆ, ಅದಕ್ಕೆ ಹಾಕಬಹುದು.

ಬಾರಿನಲ್ಲೋ ಊಟದ ಮೇಜಿನಲ್ಲೋ ಯಾರಾದರೂ ಯಾವ ರೆಜಿಮೆಂಟ್ ಅಂತ ಕೇಳಿದರೆ ಖುಷಿಯಿಂದ ಹೇಳಿ. ಅಲ್ಲಿನವರಿಗೆ ಭಾರತೀಯ ಸೈನಿಕರ ಬಗ್ಗೆ ನಿಜವಾದ ಗೌರವ ಇದೆ. ಜಪಾನಿ ಸೇನೆಯನ್ನು ತಡೆದು ನಿಲ್ಲಿಸಿದ 1944ರ ಕೊಹಿಮಾ, ಇಂಫಾಲ್ ಕದನಗಳ ಹೆಸರು ಹೇಳಿದರೆ ಮಾತು ಹೇಗೂ ಬೆಳೆಯುತ್ತದೆ. ಆದರೆ ಗಡಿಯಲ್ಲಿ ಎಲ್ಲಿದ್ದಿರಿ, ಯಾವ ಆಯುಧ, ಈಗ ಘಟಕ ಎಲ್ಲಿದೆ ಅನ್ನುವ ಕಡೆ ಮಾತು ಹೊರಳಿದರೆ ನಯವಾಗಿ ಬೇರೆ ವಿಷಯಕ್ಕೆ ಹೋಗಿ. ನಿವೃತ್ತಿಯಾದರೂ ಆ ನಿಯಮ ನಿವೃತ್ತಿಯಾಗಿಲ್ಲ.

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೈಡ್ ಪಾರ್ಕಿನ ಮೂಲಕ ದಕ್ಷಿಣಕ್ಕೆ ನಡೆಯಿರಿ. ಹೈಡ್ ಪಾರ್ಕ್ ಕಾರ್ನರ್ ದಾಟಿದರೆ ಕಾನ್‌ಸ್ಟಿಟ್ಯೂಷನ್ ಹಿಲ್ ರಸ್ತೆಯ ತಲೆಯಲ್ಲಿ ನಾಲ್ಕು ದೊಡ್ಡ ಕಲ್ಲಿನ ಕಂಬಗಳಿವೆ. ಮೆಮೋರಿಯಲ್ ಗೇಟ್ಸ್. 2002ರಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದ್ದು. ಎರಡು ಮಹಾಯುದ್ಧಗಳಲ್ಲಿ ಬ್ರಿಟನ್ ಪರವಾಗಿ ಹೋರಾಡಿದ ಭಾರತ ಉಪಖಂಡ, ಆಫ್ರಿಕಾ, ಕೆರಿಬಿಯನ್ನಿನ 50 ಲಕ್ಷ ಜನರ ನೆನಪಿಗೆ ಕಟ್ಟಿದ್ದು. ಪಕ್ಕದಲ್ಲೇ ಪುಟ್ಟ ಛತ್ರಿ ಮಂಟಪ ಇದೆ. ಒಳಗೆ ನಿಂತು ತಲೆಯೆತ್ತಿ ನೋಡಿ. ವಿಕ್ಟೋರಿಯಾ ಕ್ರಾಸ್, ಜಾರ್ಜ್ ಕ್ರಾಸ್ ಶೌರ್ಯಪದಕ ಪಡೆದವರ ಹೆಸರುಗಳನ್ನು ಸೂರಿನಲ್ಲಿ ಕೆತ್ತಿದ್ದಾರೆ. ನಮ್ಮ ದೇಶದ ಹೆಸರುಗಳು ಅಲ್ಲಿ ಕಣ್ಣಿಗೆ ಬಿದ್ದಾಗ, ಕ್ಲಬ್ಬಿನ ಬಾಗಿಲಲ್ಲಿ ನಾವು ಯಾರ ಹಂಗಿಗೂ ನಿಂತಿಲ್ಲ ಅನ್ನುವುದು ಮನಸ್ಸಿಗೆ ತಟ್ಟುತ್ತದೆ.

ಹೊರಡುವಾಗ

ಹಿಂದಿನ ರಾತ್ರಿಯೇ ಬಿಲ್ ಕೇಳಿ, ಸಾಲು ಸಾಲು ನೋಡಿ. ಕ್ಲಬ್ಬಿನಲ್ಲಿ ಬಾಕಿ ಉಳಿಸಿ ಹೋದರೆ ಅದು ಪುಸ್ತಕದಲ್ಲಿ ಉಳಿದೇ ಉಳಿಯುತ್ತದೆ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿನ ಹಳೆಯ ಪುಸ್ತಕದಲ್ಲಿ, ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಕೊಡಬೇಕಾಗಿದ್ದ 13 ರೂಪಾಯಿ ವಸೂಲಾಗದ ಬಾಕಿ ಅಂತ 1899ರಲ್ಲಿ ಬರೆದದ್ದು ಇಂದಿಗೂ ಇದೆ. ಅವರು ಮುಂದೆ ಪ್ರಧಾನಿಯಾದರು, ಬಾಕಿ ಹಾಗೇ ಉಳಿಯಿತು. ಪರಿಚಯ ಪತ್ರ ಹಿಡಿದು ಹೋದವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ನೀವು ಬಾಕಿ ಇಟ್ಟರೆ ಅಲ್ಲಿನವರು ಬರೆಯುವುದು ನಿಮ್ಮ ಊರಿನ ಕ್ಲಬ್ಬಿಗೆ.

ರಾತ್ರಿಯ ವಿಮಾನವಾದರೆ ಬೆಳಿಗ್ಗೆ ಕೋಣೆ ಬಿಟ್ಟ ಮೇಲೆ ಪೆಟ್ಟಿಗೆಗಳನ್ನು ರಿಸೆಪ್ಷನ್‌ನಲ್ಲಿ ಇಡಬಹುದೇ ಅಂತ ಕೇಳಿ. ರಶೀದಿಯ ಮೂಲ ಪ್ರತಿ ಜೋಪಾನ ಮಾಡಿ. ಮುಂದಿನ ಸಲ ವೀಸಾಕ್ಕೆ ಅರ್ಜಿ ಹಾಕುವಾಗ, ಹೇಳಿದ ಜಾಗದಲ್ಲೇ ಉಳಿದು ಹೇಳಿದ ದಿನಕ್ಕೇ ವಾಪಸ್ ಬಂದಿದ್ದೇನೆ ಅನ್ನುವುದಕ್ಕೆ ಅದು ಆಧಾರ.

ಸದಸ್ಯತ್ವ ವರ್ಷದ್ದು. ಕಾರ್ಡಿನ ವಿವರ ಕೊಟ್ಟಿದ್ದರೆ ಮುಂದಿನ ವರ್ಷದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ ಇದೆಯೇ ಅಂತ ಹೊರಡುವ ಮೊದಲು ವಿಚಾರಿಸಿ. ಮಗಳು ಅಲ್ಲೇ ಇದ್ದು ನೀವು ಮತ್ತೆ ಹೋಗುವವರಾದರೆ ಮುಂದುವರಿಸಿ. ಸದ್ಯಕ್ಕೆ ಇಲ್ಲ ಅನ್ನುವವರು ಊರಿಗೆ ಬಂದ ವಾರದಲ್ಲೇ ಒಂದು ಇಮೇಲ್ ಹಾಕಿ ನಿಲ್ಲಿಸಿ. ಬೇಕಾದಾಗ ಮತ್ತೆ ಅರ್ಜಿ ಹಾಕಬಹುದು, ಕಾಗದಪತ್ರ ಹೇಗೂ ಸಿದ್ಧವಾಗಿದೆ.